ಸುತ್ತೋಲೆಯ ಅಂಚಿಗೆ, ಪೆನ್ಸಿಲಿನಲ್ಲಿ

ಅಂಟಿಸುವ ಕೆಲಸ ನನ್ನದೇ.
ಬೈಕಂಪಾಡಿಯ ಕಾರ್ಖಾನೆ, ಪಂಚಿಂಗ್ ಮಿಷನ್ನಿನ ಪಕ್ಕದ ಗೋಡೆ,
ನಾಲ್ಕು ಗುಂಡುಸೂಜಿ, ಒಂದು ಹಾಳೆ:
‘ಸರ್ವ ನೌಕರರು ಇನ್ನು ಮುಂದೆ ಕಂಪೆನಿ ಪ್ರಯಾಣಕ್ಕೆ
ಕೃತಕ ಬುದ್ಧಿಮತ್ತೆಯ ನೆರವು ಪಡೆಯತಕ್ಕದ್ದು.
ಪ್ರೋತ್ಸಾಹಿಸುವವರು: ಐವಿ ಮೊಂತೇರೊ, ಟ್ರಾವೆಲ್ ಡೆಸ್ಕ್.’

ಪ್ರೋತ್ಸಾಹಿಸುವವರು!
ಕೊಡಲಿಯ ಕಾವು ಕುಲಕ್ಕೆ ಮೂಲ ಅನ್ನುತ್ತಾರಲ್ಲ,
ಇಲ್ಲಿ ಕಾವು ನಾನು, ಕುಲವೂ ನಾನೇ.

ಡ್ರಾಯರಿನಲ್ಲಿ ಇಪ್ಪತ್ತಮೂರು ವರ್ಷದ ನೀಲಿ ರಟ್ಟಿನ ಪುಸ್ತಕ.
ಕಾಮತರಿಗೆ ನೀರುಳ್ಳಿ ಆಗದು, ಮಂಗಳವಾರ ಹೊರಡಲಾರರು.
ಮೊಯ್ದಿನ್‌ಗೆ ಮೊಣಗಂಟು ನೋವು, ಕೆಳಗಿನ ಬರ್ತು;
ಉಪವಾಸದ ತಿಂಗಳಾದರೆ
ಹೊತ್ತು ಮುಳುಗುವಾಗ ಗಾಡಿ ಯಾವ ಸ್ಟೇಷನ್ನಿನಲ್ಲಿರುತ್ತದೆ, ನೋಡಬೇಕು.
ವಿಲ್ಮಾಳಿಗೆ ಲಿಫ್ಟಿನ ಹತ್ತಿರದ ರೂಮು,
ಕಾರಿಡಾರಿನ ಕೊನೆಯದು ಬೇಡ.
ಯಾಕೆಂದು ನಾನು ಕೇಳಿಲ್ಲ.

ಇದೆಲ್ಲ ಆ ಯಂತ್ರಕ್ಕೆ ಎಂತ ಗೊತ್ತು ಮಾರಾಯ್ರೆ?

ಮೊದಲ ವಾರವೇ ಎಡವಿತು ನೋಡಿ.
ಮಂಗಳೂರೆಂದರೆ ಒಂದೇ ನಿಲ್ದಾಣವೆಂದು ತಿಳಿದಿತ್ತೋ ಏನೋ,
ಗಾಡಿ ಜಂಕ್ಷನ್ನಿನಲ್ಲಿ,
ಕಾಮತರು ಬ್ಯಾಗು ಹಿಡಿದು ಸೆಂಟ್ರಲ್ಲಿನಲ್ಲಿ,
ನಡುವೆ ಅಲ್ಲಾಡದೆ ನಿಂತ ಪಂಪ್‌ವೆಲ್ಲಿನ ಲಾರಿಗಳು.
ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ,
ಮಳೆಗಾಲದಲ್ಲಿ ಅಗ್ಗಕ್ಕೆ ಬಂಗುಡೆ ಸಿಕ್ಕಿದಷ್ಟು ಖುಷಿ.

ಆಮೇಲೆ ಸೇಸಪ್ಪನ ಸಂಗತಿ.

ಸೇಸಪ್ಪ ಬಂಗೇರ, ಗೇರ್‌ಬಾಕ್ಸ್ ವಿಭಾಗ.
ಬೋಟಿನ ಎಂಜಿನ್ನು ಕೆಮ್ಮಿದರೆ ಸಾಕು,
ಕಣ್ಣು ಮುಚ್ಚಿ, ಯಾವ ಹಲ್ಲು ಸವೆದಿದೆ ಎಂದು ಹೇಳುವವ.
ರತ್ನಾಗಿರಿಯಿಂದ, ವೆರಾವಲಿನಿಂದ, ಕೊಲ್ಲಂನಿಂದ
ಎಷ್ಟು ಕರೆ ಬಂದರೂ ಒಂದೇ ಮಾತು:
‘ಹುಡುಗರನ್ನು ಕಳಿಸಿ ಬಾಯಿ, ನನಗೆ ಪ್ರಯಾಣದಲ್ಲಿ ತಲೆಸುತ್ತು.’
ಪುಸ್ತಕದಲ್ಲಿ ಬರೆದುಕೊಂಡಿದ್ದೆ: ಸೇಸಪ್ಪ, ತಲೆಸುತ್ತು.
ಅದರ ಕೆಳಗೆ ಖಾಲಿ.

ಮೊನ್ನೆ ಊಟದ ಬಿಡುವಿನಲ್ಲಿ, ಕೈ ತೊಳೆಯುವ ನಳ್ಳಿಯ ಹಿಂದೆ,
ಫೋನನ್ನು ಬಾಯಿಯ ಹತ್ತಿರ ಹಿಡಿದು, ಗ್ರೀಸಿನ ಬೆರಳಲ್ಲಿ:
ವೆರಾವಲಿಗೆ ಹೋಗಲಿಕ್ಕುಂಟು.
ಫಾರ್ಮಿನಲ್ಲಿ ಎಂತ ಬರೆಯುವುದು?
ಹೋಟೆಲಿನವ ಇಂಗ್ಲಿಷಿನಲ್ಲಿ ಕೇಳಿದರೆ?
ನೀರು ಬೇಕು ಎನ್ನುವುದಕ್ಕೆ ಅಲ್ಲಿ ಎಂತ ಹೇಳುವುದು?
ಮತ್ತೆ, ಸುತ್ತ ನೋಡಿ, ಸಣ್ಣ ಸ್ವರದಲ್ಲಿ,
ಮೇಲಿನ ಬರ್ತಿಗೆ ಎಲ್ಲಿ ಕಾಲಿಟ್ಟು ಹತ್ತುವುದು?

ಅದು ನಗಲಿಲ್ಲ.
ನಗಲು ಬರುವುದಿಲ್ಲವೋ, ನನಗೇನು ಗೊತ್ತು.
ನಾಲ್ಕನೆಯ ಸಲ ಕೇಳಿದಾಗಲೂ
ಮೊದಲ ಸಲದ ಸ್ವರದಲ್ಲೇ ಹೇಳಿತು.

ನಾನೋ, ಎರಡನೆಯ ಸಲಕ್ಕೇ
ಕನ್ನಡಕ ತೆಗೆದು ಮೇಜಿನ ಮೇಲೆ ಇಡುವವಳು, ಟಕ್ ಎಂದು.
ಆ ಟಕ್ ಕೇಳಿ
ಎಷ್ಟು ಮಂದಿ ಬಾಗಿಲಿನಿಂದಲೇ ತಿರುಗಿದರೋ.

ಅವನಿಗೆ ಇದ್ದದ್ದು ತಲೆಸುತ್ತಲ್ಲ.
ನನ್ನ ಮೇಜು.

ಹಾಗಾಗಿ ಇವತ್ತು, ಪಾಳಿ ಬಿಟ್ಟ ಮೇಲೆ,
ಸುತ್ತೋಲೆಯ ಅಂಚಿಗೆ ಬರೆದೆ:
ಕೇಳಿ.
ಬಾಯಿಗೆ ಬಂದ ಭಾಷೆಯಲ್ಲೇ ಕೇಳಿ, ತುಳು ಬೆರೆತರೆ ಬೆರೆಯಲಿ.
ನಾಚಿಕೆಯ ಪ್ರಶ್ನೆಯನ್ನು ಮೊದಲು ಕೇಳಿ.
ಹೊತ್ತು ಮುಳುಗುವ ಸ್ಟೇಷನ್ನು ಬೇಕೆಂದರೆ ಅದೂ ಹುಡುಕುತ್ತದೆ,
ಮೊಯ್ದಿನ್ ಪಕ್ಕದಲ್ಲಿ ಕೂತು ನೋಡಿದ್ದೇನೆ.
ದುಡ್ಡು ಕಟ್ಟುವ ಮೊದಲು ಮಾತ್ರ
ಜಂಕ್ಷನ್ನೋ ಸೆಂಟ್ರಲ್ಲೋ, ನನಗೊಮ್ಮೆ ತೋರಿಸಿ.

ರೂಮಿನ ಬಗ್ಗೆ ಒಂದು ಸಾಲು ಬರೆದು, ಅಳಿಸಿದೆ.
ಅದು ಗೋಡೆಗೆ ಹೇಳುವಂಥದ್ದಲ್ಲ.

ಸೇಸಪ್ಪ ನಿನ್ನೆ ಹೊರಟ. ಈಗ ಎಲ್ಲಿಗೆ ಮುಟ್ಟಿದನೋ.
ಪುಸ್ತಕ ತೆಗೆದು ‘ತಲೆಸುತ್ತು’ ಹೊಡೆದು ಹಾಕಿದೆ,
ಆ ಜಾಗಕ್ಕೆ ಬರೆಯಲು ನನ್ನಲ್ಲಿ ಒಂದಕ್ಷರ ಇಲ್ಲ.
ಬಂದ ಮೇಲೆ ಕೇಳಬೇಕು,
ಕಿಟಕಿಯ ಪಕ್ಕ ಇಷ್ಟವಾಯಿತಾ, ಊಟ ಸೇರಿತಾ,
ಕನ್ನಡಕ ಮೂಗಿನ ಮೇಲೇ ಇಟ್ಟುಕೊಂಡು.